ಕಂಪ್ಯೂಟರಿಗೆ ಕೇಳಿಸದ ಸದ್ದು

ಅಮ್ಮ,

ಗಾಡಿ ಇವತ್ತು ಮತ್ತೆ ಕೈಕೊಟ್ಟಿತು. ಸಿಗ್ನಲ್‌ನಲ್ಲಿ ಎಂಜಿನ್ ನಿಂತುಹೋಯಿತು, ದೀಪಗಳೆಲ್ಲ ಒಮ್ಮೆಲೇ ಹತ್ತಿ ಆರಿದವು, ಕಿಟಕಿಯೂ ಇಳಿಯಲಿಲ್ಲ. ಹಿಂದಿದ್ದವರು ಹಾರನ್ ಹೊಡೆದು ಹೊಡೆದು ನನ್ನ ಮಾನ ಹರಾಜು ಹಾಕಿದರು. ಕೊಂಡು ಇನ್ನೂ ಎರಡು ವರ್ಷ ತುಂಬಿಲ್ಲ.

ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋದೆ, ಐದನೇ ಸಲ. ಅಲ್ಲಿ ಈ ಶನಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಗರಿಗರಿ ಅಂಗಿಯ ಸೂಪರ್‌ವೈಸರ್ ವೈರ್ ಚುಚ್ಚಿ, "ಕಂಪ್ಯೂಟರ್‌ನಲ್ಲಿ ಏನೂ ಫಾಲ್ಟ್ ತೋರಿಸ್ತಿಲ್ಲ ಮೇಡಂ" ಎಂದ.

"ಹಾಗಾದ್ರೆ ಕಂಪ್ಯೂಟರನ್ನೇ ಕೊಡಿ, ಅದರ ಮೇಲೆ ಕೂತ್ಕೊಂಡು ಮನೆಗೆ ಹೋಗ್ತೀನಿ" ಎಂದು ಕೂಗಾಡಿದೆ. ನೀನು ಬದುಕಿದ್ದಿದ್ದರೆ ಕೇಳಿ ನಗುತ್ತಿದ್ದೆ.

ಇಪ್ಪತ್ತು ವರ್ಷ ಸ್ಕೂಲ್ ವ್ಯಾನ್ ಓಡಿಸಿದವಳು ನೀನು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದ ಮೇಲೆಯೇ ಮಕ್ಕಳನ್ನು ಹತ್ತಿಸುತ್ತಿದ್ದೆ. ಈ ಗಾಡಿ ಮನೆಗೆ ಬಂದ ದಿನವೂ ನೀನು ಹಾಗೇ ಕೇಳಿ, "ಒಳಗೆ ಏನೋ ಸದ್ದಿದೆ ಕಣೇ" ಎಂದೆ.

ನಾನು ಎಲ್ಲರೆದುರು ಸಿಡುಕಿದೆ: "ಮುಟ್ಬೇಡಮ್ಮ, ವಾರಂಟಿ ಹೋಗುತ್ತೆ. ಇದೇನು ನಿನ್ನ ಡಕೋಟಾ ವ್ಯಾನಾ?"

ನೀನು ಸ್ಕ್ರೂಡ್ರೈವರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡೆ. ಸಾಯುವ ತನಕ ಈ ಬಾನೆಟ್ ಎತ್ತಲಿಲ್ಲ.

ಗಾಡಿಯನ್ನು ಮನೆಗೆ ತಂದು, ಈಗಷ್ಟೇ ಅದೇ ಸ್ಕ್ರೂಡ್ರೈವರ್ ಹುಡುಕಿ ತೆಗೆದು, ಎಂಜಿನ್ನಿಗೆ ಒತ್ತಿ ಕಿವಿಗಿಟ್ಟು ಕೇಳಿದೆ. ಸದ್ದು ಇದೆ. ಯಾವುದರದ್ದೆಂದು ನನಗೆ ತಿಳಿಯಲಿಲ್ಲ. ಅದು ಯಾವ ಸದ್ದೆಂದು ಅವತ್ತೇ ಹೇಳಿಬಿಡಲು ನಿನಗೇನಾಗಿತ್ತು? ನಾನು ಬಾಯಿ ಮುಚ್ಚಿಸಿದೆ, ನಿಜ. ಆದರೆ ನೀನು ಯಾವತ್ತು ನನ್ನ ಮಾತು ಕೇಳಿದವಳು?