ಕಿವಿ ಹಿಂದಿನ ರಾಜಮುದ್ರೆ

ತೇಲೂರು, ಎರಡನೇ ಮಳೆಗಾಲದ ಹದಿನಾಲ್ಕನೇ ತಿಂಗಳು, ತಾರೀಖು ಇಪ್ಪತ್ತಾರು.

ಚಂಡಪ್ರತಾಪ ಭೂಪಾಲನ ಪಾತ್ರಧಾರಿ, ನಾಟ್ಯಕೇಸರಿ ಅಡಿವೆಪ್ಪ ಮುತ್ಯಾನಿಗೆ, ನಿನ್ನ ಮೊಮ್ಮಗನ ಮರಿಮಗನ ಮರಿಮಗ ಅಲೆಯಪ್ಪನ ನಮಸ್ಕಾರ. ನಮಸ್ಕಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದೆಲ್ಲ ಬೈಗುಳ.

ತಾರೀಖು ನೋಡಿ ನಗಬೇಡ. ನೀವು ಬಿಟ್ಟ ಹೊಗೆಯ ಪುಣ್ಯದಿಂದ ನಮಗೆ ವರ್ಷಕ್ಕೆ ಎರಡು ಮಳೆಗಾಲ. ಹನ್ನೆರಡು ತಿಂಗಳು ಸಾಲದೆ ಇನ್ನೆರಡು ಹೊಲಿದುಕೊಂಡಿದ್ದೇವೆ. ನನ್ನ ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಬುದ್ಧಿ ನನಗೆ ಅದಕ್ಕಿಂತ ವಿಚಿತ್ರವೆನಿಸಿದೆ, ಅದನ್ನು ಮಾತ್ರ ನಾನು ಕ್ಷಮಿಸಲಾರೆ!

ನಿನ್ನ ನಾಟಕ ಕಂಪನಿ ಇನ್ನೂ ಬದುಕಿದೆ. ತೇಲೂರೆಂದರೆ ನೂರಾರು ದೋಣಿಗಳನ್ನು ಹಗ್ಗದಿಂದ ಬಿಗಿದ ಊರು. ನಡುವಿನ ಏಳು ದೋಣಿಗಳ ಮೇಲೆ ನಮ್ಮ ರಂಗಮಂಚ. ಇಲ್ಲಿ ಹಲ್ಲುಜ್ಜಿದ ಮೇಲೆ ಕೈಸವರಿಕೆ ನಡೆಯುತ್ತದೆ. ಮನೆಯ ಹಿರಿಯರು ಎಲ್ಲರ ಕುತ್ತಿಗೆ, ಕಂಕುಳು, ಕಿವಿಯ ಹಿಂಬದಿ ಸವರಿ ನೋಡುವುದಕ್ಕೆ ಆ ಹೆಸರು. ಏನಾದರೂ ಕೈಗೆ ತಾಗಿತೋ, ಗಂಜಿ ಕುಡಿಯುವ ಮೊದಲೇ ದವಾಖಾನೆಯ ದೋಣಿ ಹತ್ತಬೇಕು. ಇಷ್ಟು ಜಾಣರಾದ ನಾವು ಸಂಜೆಯಾದರೆ ಏನು ಮಾಡುತ್ತೇವೆ ಗೊತ್ತೇ? ಚಂಡಪ್ರತಾಪನ ಕಿರೀಟ ಇಡುವ ಮೊದಲು ಎಡಗಿವಿಯ ಹಿಂದೆ ಮೇಣದ ಗಡ್ಡೆಯೊಂದನ್ನು ಅಂಟಿಸಿಕೊಳ್ಳುತ್ತೇವೆ. ಅದಕ್ಕೆ ರಾಜಮುದ್ರೆ ಎಂದು ಹೆಸರು, ಊದುಬತ್ತಿ, ಕೈಮುಗಿತ! ಆಮೇಲೆ ಬಾಯಿಯ ಎಡಮೂಲೆ ಜೋತುಬೀಳುವಂತೆ, ಎಡಗಣ್ಣು ಮುಚ್ಚದಂತೆ ಒಂದು ನಗೆ. ಇದು ಅಡಿವೆಪ್ಪನವರ ಸೊಟ್ಟ ನಗೆ, ಇದು ಬಾರದವನು ರಾಜನಲ್ಲ ಎಂದು ನನ್ನಪ್ಪ ನನ್ನ ಕೆನ್ನೆಗೆ ದಾರ ಕಟ್ಟಿ ಎಳೆದು ಕಲಿಸಿದ. ಆ ನಗೆಯಿಂದಲೇ ನನಗೆ ಬಿರುದು ಬಂತು, ಆ ನಗೆಯಿಂದಲೇ ನನಗೆ ಹೆಂಡತಿ ಸಿಕ್ಕಳು.

ಮೊನ್ನೆ ದನಿಗಣಜಕ್ಕೆ ಹೋಗಿದ್ದೆ. ನಿಮ್ಮ ಕಾಲದ ಫೋನುಗಳು ಕದ್ದು ಕೇಳಿದ ಮಾತನ್ನೆಲ್ಲ ಕಾಳಿನಂತೆ ತುಂಬಿಟ್ಟಿರುವ ಕೋಣೆ ಅದು. ಮಹಾನಟನ ಗರ್ಜನೆ ಕೇಳಿಸೀತೆಂದು ಕಿವಿಗೊಟ್ಟರೆ ಕೇಳಿಸಿದ್ದು ಬಣ್ಣದ ಮನೆಯ ಜಗಳ. ನಿನ್ನ ಹೆಂಡತಿ, ನನ್ನ ಕಸ್ತೂರವ್ವ ಆಯಿ, ಅನ್ನುತ್ತಾಳೆ: “ಏನ್ರೀ, ಈ ಕಿವಿ ಹಿಂದಿನ ಗಂಟು ದೀಪಾವಳಿಗೆ ಅವರೆಕಾಳಿನಷ್ಟಿತ್ತು, ಈಗ ಗೋಲಿಗುಂಡು ಆಗೇತಿ. ನಡೀರಿ, ದವಾಖಾನಿಗೆ ಹೋಗೂಣು.” ನೀನು ಗುಡುಗುತ್ತೀಯ: “ಏ ಹುಚ್ಚಿ! ಕಿರೀಟದ ಪಟ್ಟಿ ತಿಕ್ಕಿ ತಿಕ್ಕಿ ಬಂದದ್ದಿದು. ರಾಜಮುದ್ರಿ! ಜವಾನನ ಪಾರ್ಟು ಮಾಡಾವಗ ಬರತೈತೇನು?” ಆಕೆ ಬಿಡುವುದಿಲ್ಲ: “ಪಟ್ಟಿ ಎರಡೂ ಕಿವಿಗೆ ಕಟ್ಟತೀರಿ. ಒಂದ ಕಡೀಗೆ ಯಾಕ ಬಂತು?”

ಭಳಿರೇ ಆಯಿ! ಇಡೀ ಕಂಪನಿಯಲ್ಲಿ ತಲೆಯೊಳಗೆ ದೀಪ ಉರಿಯುತ್ತಿದ್ದದ್ದು ಅವಳೊಬ್ಬಳಿಗೇ. ಅದಕ್ಕೆ ಮಾಲಕ ರಾಚಯ್ಯನ ಉತ್ತರ: “ವೈನೀ, ತಡೀರಿ, ಇನ್ನೊಂದ ಕಡೀನೂ ಬರತೈತಿ. ಸೀಸನ್ ಮುಗೀಲಿ.” ಹೋ ಎಂದು ನಗು. ಪೆಟ್ಟಿಗೆ ಮಾಸ್ತರ ಹಾರ್ಮೋನಿಯಂ ಬಿಟ್ಟು ಫೋನು ಹಿಡಿದು, “ಹೆಚ್ಚಾಗಿ ಏನೂ ಆಗಿರೂದಿಲ್ಲಂತ, ಇದರಾಗ ಬರದೈತಿ” ಎಂದ. ಸುಣ್ಣ ಹಚ್ಚು ಎಂದವನೊಬ್ಬ, ದೃಷ್ಟಿ ತೆಗಿ ಎಂದವನೊಬ್ಬ. ಇದೇನು ನಾಟಕ ಕಂಪನಿಯೋ, ಮೂರ್ಖರ ದರ್ಬಾರೋ?

ಹೆಚ್ಚಾಗಿ ಏನೂ ಆಗಿರುವುದಿಲ್ಲ, ನಿಜ. ಟೋಪನ್ನಿನ ಸುಳ್ಳುಗೂದಲು ಅಂಟಿಸಿ ನೆತ್ತಿಯ ಮೇಲೆ ಹುಣ್ಣಾದರೆ, ಗಂಟಲು ಕೆಟ್ಟರೆ, ಕಿವಿ ಹಿಂದಿನ ಗ್ರಂಥಿ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ನಿನ್ನದು ನೋಯಲಿಲ್ಲ, ಇಳಿಯಲೂ ಇಲ್ಲ. ಚರ್ಮದೊಳಗೆ ಜಿಡ್ಡು ಕಟ್ಟಿದ ಚೀಲವಾದರೆ ನಡುವೆ ಸಣ್ಣ ಚುಕ್ಕೆ ಇದ್ದೀತು. ಕೊಬ್ಬಿನ ಗಡ್ಡೆಯಾದರೆ ಮೆತ್ತಗೆ ಬೆರಳಡಿ ಜಾರೀತು. ಕೆಲವು ಶೂರರು ತಮ್ಮದೇ ತಲೆಬುರುಡೆಯ ಎಲುಬನ್ನು ಮುಟ್ಟಿ ಅಯ್ಯೋ ಗಡ್ಡೆ ಎಂದು ಬೆವರುವುದುಂಟು. ಅವರು ಇನ್ನೊಂದು ಕಿವಿಯ ಹಿಂದೆಯೂ ಮುಟ್ಟಿ ನೋಡಿದರೆ ಮುಗಿಯಿತು. ಕಿವಿ ಸೋರಿ, ಜ್ವರ ಬಂದು, ಹಿಂಬದಿ ಕೆಂಪಗೆ ಊದಿ ಕಿವಿಯನ್ನೇ ಮುಂದಕ್ಕೆ ತಳ್ಳಿದರೆ ಮಾತ್ರ ಎಲುಬಿಗೇ ಕೀವು ಹೊಕ್ಕಿರಬಹುದು, ಅಂದೇ ಓಡಬೇಕು. ಇದಾವುದೂ ಅಲ್ಲದೆ, ಕಿವಿಯ ಬುಡದಲ್ಲಿ ಕಲ್ಲಿನಂತೆ ಕೂತು, ನೋವಿಲ್ಲದೆ ಬೆಳೆಯುವುದೊಂದಿದೆ. ಅದು ಜೊಲ್ಲುಗ್ರಂಥಿಯ ಗಡ್ಡೆಯಾಗಿರಬಹುದು. ಎಷ್ಟೋ ಸಲ ಅದೂ ಸಾಧುವೇ. ಆದರೆ ಸಾಧುವೋ ರಾಕ್ಷಸನೋ ಎಂದು ಹೇಳಬೇಕಾದವನು ಸೂಜಿ ಹಾಕಿ ಪರೀಕ್ಷಿಸುವ ಡಾಕ್ಟರ, ಪೆಟ್ಟಿಗೆ ಮಾಸ್ತರನಲ್ಲ!

ಕೇಳು, ಮುತ್ಯಾ. ಆ ಕಣಜದಲ್ಲಿ ನಿನ್ನ ಚಿತ್ರಗಳೂ ಇದ್ದವು. ಸಾಲಾಗಿ ಹರಡಿ ನೋಡಿದೆ. ಮೊದಲನೆಯದರಲ್ಲಿ ಗಡ್ಡೆ ಗೋಲಿಯಷ್ಟು, ನಗೆ ನೆಟ್ಟಗಿದೆ. ಮುಂದಿನ ವರ್ಷದ್ದರಲ್ಲಿ ನಿಂಬೆಹಣ್ಣು. ಅದರ ಮುಂದಿನದರಲ್ಲಿ ತುಟಿಯ ಎಡಮೂಲೆ ಜೋತುಬಿದ್ದಿದೆ, ಕಣ್ಣು ಮುಚ್ಚುತ್ತಿಲ್ಲ, ಎದುರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಮುಖದ ನರವನ್ನು ಆ ಗಡ್ಡೆ ತಿನ್ನುತ್ತಿತ್ತು. ಜನರಿಗೆ ಅದು ಅಭಿನಯ, ನಿನಗೆ ಅದು ಒನ್ಸ್ ಮೋರ್! ಕೊನೆಯ ಚಿತ್ರದಲ್ಲಿ ಕಿರೀಟ ನಿನ್ನದೇ, ತಲೆ ಬೇರೆಯವನದು, ಕಿವಿಯ ಹಿಂದೆ ಮೇಣ. ಥೂ! ಒಂದು ರೋಗವನ್ನು ಕಲೆಯೆಂದು ಎಂಟು ತಲೆಮಾರು ಕಲಿಸಿದ್ದೇವೆ. ನಿನಗೆ ಉಗಿದದ್ದರಲ್ಲಿ ಅರ್ಧ ನನ್ನ ಮೇಲೂ ಬೀಳಲಿ.

ಈ ಕಾಗದ ಆ ಮೊದಲ ಚಿತ್ರದ ವಾರ ನಿನ್ನ ಕೈಗೆ ಬರುವಂತೆ ಕಳಿಸಿದ್ದೇನೆ. ಗಡ್ಡೆ ಇನ್ನೂ ಗೋಲಿಯಷ್ಟೇ ಇದೆ. ಈ ಸೋಮವಾರ ಆಟವಿಲ್ಲ. ಇದ್ದರೂ ರಾಚಯ್ಯನೇ ಕಿರೀಟ ಇಟ್ಟುಕೊಂಡು ಕುಣಿಯಲಿ. ನೀನು ದವಾಖಾನೆಗೆ ಹೋದರೆ ಆ ಸೊಟ್ಟ ನಗೆ ಹುಟ್ಟುವುದೇ ಇಲ್ಲ, ನನಗೆ ಗೊತ್ತು. ನನ್ನ ಬಿರುದು ಹೋದೀತು, ನಗೆಗೆ ಮರುಳಾದವಳು ಬೇರೆಯವನ ದೋಣಿ ಹತ್ತಿಯಾಳು, ನಾನು ಈ ರಂಗದ ಬಾಗಿಲಲ್ಲಿ ಟಿಕೀಟು ಹರಿಯುತ್ತ ಕೂತೇನು. ಹಾಗೇ ಆಗಲಿ. ನಿನ್ನ ಮುಖವನ್ನು ತಿಂದು ಬೆಳೆದ ಕೀರ್ತಿ ನನಗೆ ಬೇಡ.

ಆಯಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಏಳು, ಮುತ್ಯಾ.