ರೋಮಿನ ರಾಜನಿಗೆ ಸಾರಥಿಯ ಉತ್ತರ

ಅಣ್ಣಾ,

ನಿನ್ನ ಕನ್ನಡಕ ಇನ್ನೂ ಗಿರಣಿಯ ಗೂಡಿನಲ್ಲೇ ಇದೆ, ಮೇಲೆ ಜೋಳದ ಹಿಟ್ಟಿನ ಧೂಳು. ವೈನಿ, ಗಂಡನ ಗುರುತೆಂದು, ಅದನ್ನು ಒರೆಸಲು ಯಾರಿಗೂ ಬಿಡುವುದಿಲ್ಲ. ಕನ್ನಡಕವಿಲ್ಲದೆ ಇದನ್ನು ಹೇಗೆ ಓದುತ್ತೀಯೋ ಗೊತ್ತಿಲ್ಲ. ಎದುರಿಗೆ ಕೂತು ಹೇಳಿದ್ದನ್ನು ನೀನು ನಂಬಲಿಲ್ಲ. ಬರೆದದ್ದನ್ನಾದರೂ ನಂಬಬಹುದು ಅಂತ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾಗಿ ನಮ್ಮೂರು ಸಂಶಿಗೆ ಬಂದ ಹೊಸತು. ಗಿರಣಿಯಲ್ಲಿ ನಿನ್ನ ಬಾಜೂ ಕೂತಿದ್ದೆ. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ನೀನು ಬಯ್ದೆ, "ಲೇ ಬಸ್ಯಾ, ವರ್ಷಾ ಆಟದಾಗ ಅವ ರಾಜಾಗೋಳು, ಅದ ಯುದ್ಧ. ಜನಾ ನಡುವ ಎದ್ದು ಹೋಗಾಕತ್ತಾರ. ಯಾರಿಗೂ ಗೊತ್ತಿಲ್ಲದ ರಾಜಾನ್ನ ಹುಡುಕಿಕೊಡಲೇ." ನಮ್ಮ ದೊಡ್ಡಾಟದಲ್ಲಿ ಯಾವಾಗಲೂ ನೀನೇ ರಾಜ, ನಾನೇ ಸಾರಥಿ. ರಂಗಕ್ಕೆ ಯಾವ ರಾಜ ಬಂದರೂ ಸಾರಥಿ ಮೊದಲು ಅವನನ್ನು ತಡೆದು "ತಾವು ಧಾರು", ನೀನು ಯಾರು, ಅಂತ ಕೇಳಬೇಕು. ಅವನು ತನ್ನ ವಂಶ, ಊರು, ಹೆಸರು ಹೇಳಿದ ಮೇಲೆಯೇ ಆಟ ಮುಂದಕ್ಕೆ. ಸಾರಥಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ರೋಮಿನ ಕಥೆ ಶುರು ಮಾಡಿದಾಗ ನೀನು ಗಿರಣಿಯನ್ನೇ ಬಂದ್ ಮಾಡಿದೆ, ನೆನಪಿದೆಯೇ? ಜೋಳದ ಪುಟ್ಟಿ ಹೊತ್ತು ಬಂದ ಹೆಂಗಸರು ನನ್ನನ್ನು ಬಯ್ಯುತ್ತ ನಿಂತಿದ್ದರು. ನಾನು ಹೇಳಿದೆ: ಅವರು ಮೊದಲು ನೇಗಿಲು ಹಿಡಿದ ಮಂದಿ, ಆಮೇಲೆ ಕತ್ತಿ ಹಿಡಿದರು. ಊಟಕ್ಕೆ ಕೂತಾಗ ತಮ್ಮ ಸತ್ತ ಹಿರಿಯರ ಮೇಲೆ ಹಾಡು ಹೇಳುತ್ತಿದ್ದರಂತೆ. ಯಾರೂ ಬರೆದಿಡಲಿಲ್ಲ, ಎಲ್ಲ ಹೋದವು. ಗ್ರೀಕರ ಊರುಗಳನ್ನು ಗೆದ್ದರು, ಬಂಗಾರ ತಂದರು. ಆದರೆ ಸೋತ ಗ್ರೀಕರ ಬಳಿ ದೊಡ್ಡ ದೊಡ್ಡ ಕಾವ್ಯಗಳಿದ್ದವು, ಗೆದ್ದವರ ಬಳಿ ಒಂದೂ ಇರಲಿಲ್ಲ. ಕೊನೆಗೆ ಸೆರೆಯಾಗಿ ಬಂದ ಗ್ರೀಕ ಮಾಸ್ತರನೊಬ್ಬ ತನ್ನವರ ಕಾವ್ಯವನ್ನು ಇವರ ಭಾಷೆಗೆ ತಂದನಂತೆ, ಸಾಲಿ ಮಕ್ಕಳು ಓದಲೆಂದು.

"ಆಮ್ಯಾಲ?" ಅಂದೆ ನೀನು.

ಆಮೇಲೆ ತಮ್ಮತಮ್ಮಲ್ಲೇ ಕಡಿದಾಡಿದರು, ಬೀಗರು ಬೀಗರನ್ನು ಕೊಂದರು. ಕಡೆಗೆ ಒಬ್ಬನೇ ಉಳಿದು ಆಳತೊಡಗಿದಾಗ ಊರಿಗೆ ತುಸು ನೆಮ್ಮದಿ. ಆ ಕಾಲದಲ್ಲಿ ಕವಿಗಳು ರೋಮಿಗೊಂದು ವಂಶ ಕಟ್ಟಿಕೊಟ್ಟರು: ನಾವು ದೇವರ ಮಕ್ಕಳು, ಮೂಡಲದ ಸುಟ್ಟ ಊರಿನಿಂದ ಕಡಲು ದಾಟಿ ಬಂದವರು ಅಂತ. ನೀನು ತೊಡೆ ತಟ್ಟಿ ನಕ್ಕೆ. "ಹಂಗಾರ ಅವರಿಗೂ ಸಾರಥಿ ಗಂಟ ಬಿದ್ದಿದ್ದನಲೇ! ಇದ ಆಟಾ ಮಾಡೂಣು." ಇನ್ನೊಂದು ಮಾತು ನಿನಗೆ ಹಿಡಿಸಿತ್ತು. ಅವರ ದೊಡ್ಡ ಮನೆತನಗಳಲ್ಲಿ ಹಿರಿಯರ ಮುಖಗಳನ್ನು ಮೇಣದಲ್ಲಿ ಮಾಡಿ ಪಡಸಾಲೆಯಲ್ಲಿ ಇಡುತ್ತಿದ್ದರು. ಯಾರಾದರೂ ಸತ್ತಾಗ ಅವರಂಥದೇ ಮೈಕಟ್ಟಿನವರು ಆ ಮುಖ ಹಾಕಿಕೊಂಡು ಹೆಣದ ಮುಂದೆ ನಡೆಯುತ್ತಿದ್ದರು.

ತಾಲೀಮು ಅರ್ಧಕ್ಕೆ ಬಂದಾಗ ನಿನಗೆ ಮರೆವು ಹತ್ತಿತು. ಮೊದಲು ಗಿರಣಿಯ ಸ್ವಿಚ್ಚು, ಆಮೇಲೆ ವೈನಿಯ ಹೆಸರು, ಆಮೇಲೆ ನಿನ್ನದೇ ಹೆಸರು. ಈರಣ್ಣಾ ಅಂದರೆ ಹಿಂದಿರುಗಿ ನೋಡುತ್ತಿದ್ದೆ, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಹುಬ್ಬಳ್ಳಿಯ ಡಾಕ್ಟರು ಏನೇನೋ ಹೇಳಿದರು. ಇದು ತಿರುಗಿ ಬರುವಂಥದ್ದಲ್ಲ ಎಂಬುದಷ್ಟೇ ನಮಗೆ ತಿಳಿಯಿತು.

ಒಂದು ಮಧ್ಯಾಹ್ನ ನೀನು ತಾಟು ದೂಡಿ, ಹಟ ಹಿಡಿದು ಕೂತೆ. ನನಗೆ ಏನೂ ತೋಚದೆ ಎದ್ದು ನಿಂತು ಸಾರಥಿಯ ದನಿ ತೆಗೆದೆ: "ಎಲೈ ಮಹಾರಾಜಾ, ತಾವು ಧಾರು?" ನಿನ್ನ ಬೆನ್ನು ನೆಟ್ಟಗಾಯಿತು. "ಎಲೈ ಸಾರಥೀ, ನಾವು ಧಾರೆಂದರೆ, ಸುಟ್ಟ ಊರಿನಿಂದ ಕಡಲು ದಾಟಿ ಬಂದ ರೋಮಿನ ದೊರೆ!" ಒಂದಕ್ಷರ ತಪ್ಪಲಿಲ್ಲ. ಹೇಳಿ ಮುಗಿಸಿ ಗಡದ್ದಾಗಿ ಉಂಡೆ. ಅಂದಿನಿಂದ ಪ್ರತಿ ಊಟಕ್ಕೂ ನಾನು ಸಾರಥಿಯಾದೆ. ವೈನಿ ಬಾಗಿಲ ಹಿಂದೆ ಬಾಯಿಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ನಗುತ್ತಿದ್ದಳೋ, ಅಳುತ್ತಿದ್ದಳೋ...

ಇಲ್ಲದ ರಾಜನ ವಂಶ ನಿನಗೆ ನೆನಪಿತ್ತು. ನಾನು ಮಾತ್ರ ನೆನಪಿರಲಿಲ್ಲ. ಅಣ್ಣಾ, ನನಗೆ ಬೇರೇನೂ ಬೇಕಿರಲಿಲ್ಲ. ಒಂದು ಸಲ, ಹೋಗುವುದರೊಳಗೆ ಒಂದೇ ಒಂದು ಸಲ, ನನ್ನನ್ನು ಬಸ್ಯಾ ಅಂತ ಕರೆದಿದ್ದರೆ ಸಾಕಿತ್ತು.

ಆಟದಲ್ಲಿ ಯಾವ ರಾಜನೂ ಕೇಳದ್ದನ್ನು ನೀನು ಒಂದು ದಿನ ಕೇಳಿದೆ. ರೊಟ್ಟಿ ಮುರಿಯುತ್ತ ತಲೆ ಎತ್ತಿ, "ಸಾರಥಿ, ನೀ ಯಾರಪಾ?" ಅಂದೆ. "ನಾ ಬಸು, ಅಣ್ಣಾ. ನಿನ್ನ ತಮ್ಮ." ನನ್ನ ಬಿಳಿ ತಲೆಯನ್ನು ಬಹಳ ಹೊತ್ತು ನೋಡಿದೆ. "ಸುಳ್ಳ ಹೇಳಬ್ಯಾಡ್ರಿ, ಯಜಮಾನ್ರ. ನನ್ನ ತಮ್ಮ ಸಾಲಿಗೆ ಹೋಗ್ಯಾನ. ಸಂಜಿಗೆ ಬರ್ತಾನ." ತಾಟಿನಿಂದ ಒಂದು ರೊಟ್ಟಿ ತೆಗೆದು ಬಾಜೂ ಇಟ್ಟೆ. "ಇದು ಅವಂಗ. ಹಸದು ಬರ್ತಾನ."

ಅಪ್ಪ ಸತ್ತ ವರ್ಷ ನೀನು ಸಾಲಿ ಬಿಟ್ಟು ಗಿರಣಿಗೆ ನಿಂತೆ, ನನ್ನನ್ನು ಸಾಲಿಗೆ ಕಳಿಸಿದೆ. ಆಗಲೂ ಹೀಗೇ ನನಗೊಂದು ರೊಟ್ಟಿ ಉಳಿಸಿಡುತ್ತಿದ್ದೆ. ಈಗ ಮತ್ತೆ ದಿನಾ ಇಡತೊಡಗಿದೆ. ನಾನು ಅದನ್ನು ಮುಟ್ಟಲಿಲ್ಲ. ನೀನು ನೋಡುತ್ತಿರುವಾಗ ಯಾರೋ ಮುದುಕ ನಿನ್ನ ತಮ್ಮನ ರೊಟ್ಟಿ ಹೇಗೆ ತಿನ್ನಬೇಕು? ಕೊನೆಯ ದಿನದವರೆಗೂ ನೀನು ಬಾಗಿಲ ಕಡೆಗೇ ನೋಡುತ್ತಿದ್ದೆ.

ಈ ವರ್ಷ ರೋಮಿನ ಆಟ ಆಡಿದೆವು. ನಿನ್ನ ಮಗ ಮಲ್ಲೇಶಿ ನಿನ್ನ ಕಿರೀಟ ಇಟ್ಟುಕೊಂಡು ಬಂದ. ಅದೇ ಹುಬ್ಬು, ಅದೇ ನಡಿಗೆ. ಮೇಣದ ಮುಖ ಬೇಕಿರಲಿಲ್ಲ. "ಕಾಕಾ, ಕೇಳ್ರಿ" ಅಂತ ಅವನು ಪಿಸುಗುಟ್ಟಿದ ಮೇಲೆ ಕೇಳಿದೆ. ಅವನು ವಂಶ ಹೇಳಿದ, ಊರು ಹೇಳಿದ, ಹೆಸರು ಹೇಳಿದ. ಅಲ್ಲಿಗೆ ನಿಲ್ಲಲಿಲ್ಲ. ಆಟದಲ್ಲಿಲ್ಲದ ಮಾತು ಕೇಳಿಬಿಟ್ಟ: "ಎಲೈ ಸಾರಥೀ, ತಾವು ಧಾರು?"

"ಗಿರಣಿ ಈರಣ್ಣನ ತಮ್ಮ, ಬಸು" ಅಂದೆ. ಜನ ನಗಲಿಲ್ಲ.

ಬೆಳಿಗ್ಗೆ ಬಣ್ಣ ತೊಳೆದು ಮನೆಗೆ ಬಂದಾಗ ವೈನಿ ಊಟಕ್ಕೆ ಬಡಿಸಿದಳು. ನಿನ್ನ ರೂಢಿ ಅವಳ ಕೈಗೂ ಹತ್ತಿದೆ. ಒಂದು ರೊಟ್ಟಿ ಬಾಜೂ ಇತ್ತು.

ಇನ್ನು ಬಾಗಿಲು ನೋಡಬ್ಯಾಡ, ಅಣ್ಣಾ. ಸಾಲಿ ಬಿಟ್ಟಿತು. ನಾ ಮನಿಗೆ ಬಂದೇನಿ. ರೊಟ್ಟಿ ಉಂಡೇನಿ.

ನಿನ್ನ ಬಸ್ಯಾ