ಹೊದಿಕೆ ಬೇಡದ ಕಾಲು

ಮಾರ್ಚ್ 3, ಸೋಮವಾರ

ಮತ್ತೆ ಅದೇ ಪ್ರಶ್ನೆ. "ಫಿಟ್ ಆಯ್ತಾ ಮೇಡಂ?" ಕಾಲು ಮಾಡಿಕೊಡುವವನು ನೆಲದ ಮೇಲೆ ಕೂತು ಸ್ಕ್ರೂ ತಿರುಗಿಸುತ್ತಿದ್ದ. ಮೊಣಕಾಲ ಕೆಳಗೆ ಒಂದು ಬಟ್ಟಲು, ಅದರ ಕೆಳಗೆ ಸ್ಟೀಲಿನ ಕೊಳವೆ, ಕೊನೆಗೆ ಪಾದ. ಹೋದ ಸಲ ಉಜ್ಜುತ್ತಿತ್ತು. ಇವತ್ತು ಇಲ್ಲ. ಗೋಡೆಯ ತನಕ ನಡೆದೆ, ತಿರುಗಿ ಬಂದೆ. ಹೆಜ್ಜೆಗೊಮ್ಮೆ ಕ್ಲಿಕ್. ಅಕ್ಕನ ಕೈ ಹಿಡಿಯಲಿಲ್ಲ.

"ಆಯ್ತಪ್ಪ. ಫಿಟ್."

ಆಮೇಲೆ ಮೈಬಣ್ಣದ ಸ್ಪಂಜಿನ ಹೊದಿಕೆ ತಂದ. ನನ್ನ ಕೈ ಪಕ್ಕ ಹಿಡಿದ. ನನಗಿಂತ ಎಷ್ಟೋ ಬಿಳಿ.

"ಕಂಪನಿಯವ್ರು ಇದೊಂದೇ ಕಳ್ಸೋದು ಮೇಡಂ. ಸೂಟ್ ಆಗುತ್ತೆ ಬಿಡಿ."

"ಒಂದೇ ಕಾಲು ಬೆಳ್ಳಗಾದ್ರೆ ಇನ್ನೊಂದು ಹೊಟ್ಟೆ ಉರ್ಕೊಳ್ಳುತ್ತೆ."

ಅವನು ನಕ್ಕ. ನಾನು ನಗಲಿಲ್ಲ. ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಮಾರ್ಚ್ 4

ಅಕ್ಕ ಬೆಳಗಿನಿಂದ ಒಂದೇ ರಾಗ. "ಇದನ್ನ ಹಾಕ್ಕೊಂಡು ಉದ್ದ ಸ್ಕರ್ಟ್ ಹಾಕ್ಕೋ. ಯಾರಿಗೂ ಗೊತ್ತೇ ಆಗಲ್ಲ ಕಣೇ."

ಲಾರಿ ಗುದ್ದಿದ್ದು ಬೀದಿಗೆಲ್ಲ ಗೊತ್ತು. ಗೊತ್ತಾಗಬಾರದ್ದು ಇನ್ನೇನು ಉಳಿದಿದೆ? ಕೇಳಿದೆ.

"ಮೊಂಡು! ಚಿಕ್ಕಂದಿನಿಂದ್ಲೂ ಮೊಂಡು!"

ಬಾಗಿಲು ದಡ್. ಹೊದಿಕೆ ಸೋಫಾದ ಮೇಲೆ... ಯಾರದೋ ಕಾಲು ನೆಂಟರ ಹಾಗೆ ಬಂದು ಕೂತಿದೆ.

ಮಾರ್ಚ್ 10

ತಿಂಗಳುಗಳ ನಂತರ ಶಾಲೆ. ಮೊಣಕಾಲವರೆಗಿನ ಹಳೆಯ ಸ್ಕರ್ಟ್. ನನ್ನ ಮುಖ ನೋಡಿಯೇ ಮಾತಾಡಲು ಹೆಡ್‌ಮಾಸ್ಟರು ಪಾಪ, ಬಹಳ ಕಷ್ಟಪಟ್ಟರು. ಕಣ್ಣು ಕೆಳಗೆ ಜಾರುತ್ತಿತ್ತು.

"ಮಕ್ಳು ಹೆದರ್ಕೋತಾರೆ ಮೇಡಂ. ಅದು... ನಿಮಗೆ ಫಿಟ್ ಆಗಲ್ಲ."

"ಫಿಟ್ ಆಗಿದೆ ಸರ್. ಸೂಟ್ ಆಗಲ್ಲ ಅನ್ಬೇಕಿತ್ತು ನೀವು."

"ಹ್ಞಾಂ, ಅದೇ. ಎರಡೂ ಒಂದೇ ಅಲ್ವಾ?"

"ಅಲ್ಲ."

ವರ್ಷಗಟ್ಟಲೆ ಇಂಗ್ಲಿಷ್ ಕ್ಲಾಸಿನಲ್ಲಿ ಇದನ್ನೇ ಕಲಿಸಿದೆ. ಅಳತೆ ಸರಿಯಿದ್ದರೆ ಫಿಟ್ — ಅದು ಹಾಕಿಕೊಂಡವರಿಗೆ ಗೊತ್ತು. ಒಪ್ಪುತ್ತದೆ ಅನ್ನಿಸಿದರೆ ಸೂಟ್ — ಅದನ್ನು ಹೇಳಲು ಎದುರಿಗಿದ್ದವರೆಲ್ಲ ಮುಂದೆ ಬರುತ್ತಾರೆ.

ಅವರ ತೀರ್ಮಾನ: ಹೊದಿಕೆ ಹಾಕಿದರೆ ಕ್ಲಾಸು. ಇಲ್ಲದಿದ್ದರೆ ಲೈಬ್ರರಿ, ಮೇಜಿನ ಹಿಂದೆ. ಮುಂದಿನ ಸೋಮವಾರದೊಳಗೆ ಹೇಳಬೇಕು.

ಮಾರ್ಚ್ 16, ಭಾನುವಾರ

ಹೊದಿಕೆ ಹಾಕಿ ಕನ್ನಡಿ ಮುಂದೆ ನಿಂತೆ. ಚೆನ್ನಾಗಿಯೇ ಕಾಣುತ್ತಿತ್ತು. ಸಿಟ್ಟು ಬಂದದ್ದೇ ಅದಕ್ಕೆ. ಕಿತ್ತೆಸೆದೆ. ಅಕ್ಕ ನೋಡುತ್ತಿದ್ದಳು. ಸಂಜೆ ಸ್ಕರ್ಟಿಗೆ ಇಸ್ತ್ರಿ ಹಾಕಿಟ್ಟಳು. ಗಿಡ್ಡದಕ್ಕೇ.

ಮಾರ್ಚ್ 17, ಸೋಮವಾರ, ಎರಡನೇ ಪೀರಿಯಡ್

ಯಾರನ್ನೂ ಕೇಳಲಿಲ್ಲ. ನೇರ ಕ್ಲಾಸಿಗೇ ಬಂದೆ. ಕ್ಲಿಕ್, ಕ್ಲಿಕ್. ಮೊದಲು ಎಲ್ಲರ ಕಣ್ಣೂ ಕಾಲಿನ ಮೇಲೆ. ಆಮೇಲೆ ಮುಂದಿನ ಬೆಂಚಿನ ಜಡೆಯವಳು:

"ಮಿಸ್, ನೋವಾಗುತ್ತಾ?"

"ಬೆಳಿಗ್ಗೆ ಸ್ವಲ್ಪ."

"ತುಕ್ಕು ಹಿಡಿಯುತ್ತಾ?" — ಹಿಂದಿನ ಬೆಂಚು.

"ನಿನ್ನ ತಲೆಗಿಂತ ನಿಧಾನವಾಗಿ."

ನಗುವೋ ನಗು. ಹೆದರಿಕೆಯಂತೆ, ಹೆದರಿಕೆ.

ಬೋರ್ಡಿನ ಮೇಲೆ ಎರಡು ಕ್ರಿಯಾಪದ, ಫಿಟ್ ಮತ್ತು ಸೂಟ್, ಬರೆದು ಕೂತಿದ್ದೇನೆ. ಅವರು ವಾಕ್ಯ ಬರೆಯುತ್ತಿದ್ದಾರೆ, ನಾನು ಇದನ್ನು. ಹೆಡ್‌ಮಾಸ್ಟರು ಬಾಗಿಲಿಗೆ ಬಂದರು.

"ಮೇಡಂ, ಒಂದ್ನಿಮಿಷ ಹೊರಗ್ ಬನ್ನಿ."

"ಪಾಠ ನಡೀತಿದೆ ಸರ್. ನೀವೇ ಒಳಗ್ ಬನ್ನಿ."

ಹೋಗಿಲ್ಲ, ಅಲ್ಲೇ ನಿಂತಿದ್ದಾರೆ. ಈ ಮೇಜಿನ ಹಿಂದೆ ಕೂತಿರುವಷ್ಟು ಹೊತ್ತು ನನ್ನ ಕಾಲು ಅವರಿಗೆ ಕಾಣುವುದಿಲ್ಲ. ಎದ್ದರೆ ಕ್ಲಿಕ್ ಎನ್ನುತ್ತದೆ. ಎನ್ನಲಿ. ಮೇಜು ಸುತ್ತಿ, ಅವರ ಎದುರಿಗೇ —